ಅತ್ತೆಗೊಂದು ಸೂರ್ಯೋದಯ

ನಾಟಕದ ದಿನ ಬೆಳಿಗ್ಗೆ ದೀಪದ ಕೋಣೆಯ ಕಂಪ್ಯೂಟರು ಏಳಲಿಲ್ಲ.

ಏಳಲೇ ಇಲ್ಲ ಅಂದರೆ ಪಾಪ, ಅದರ ಮೇಲೆ ಸುಳ್ಳು ಹೊರಿಸಿದಂತಾಗುತ್ತದೆ. ಎದ್ದಿತು, ಕಣ್ಣು ಬಿಟ್ಟಿತು, ಒಂದಿಷ್ಟು ಗೊಣಗಿತು, ಮತ್ತೆ ಮಗ್ಗುಲು ಬದಲಿಸಿ ಮಲಗಿತು. ಶಾಲೆಗೆ ಹೋಗಲು ಮನಸ್ಸಿಲ್ಲದ ಮಗುವನ್ನು ಎಬ್ಬಿಸಿದ ತಾಯಂದಿರಿಗೆಲ್ಲ ಈ ಬಗೆಯ ಏಳುವಿಕೆ ಗೊತ್ತಿರುತ್ತದೆ.

ಅದರ ಮುಂದೆ ಕೂತಿದ್ದವಳು ತಂಡದ ದೀಪಗಳನ್ನು ನೋಡಿಕೊಳ್ಳುವ ಹೆಂಗಸು. ಎಲ್ಲರೂ ಅವಳನ್ನು ಬೆಳಕಿನಕ್ಕ ಅನ್ನುತ್ತಿದ್ದರು. ಹಲ್ಲು ಬಿದ್ದ ಮುದುಕರೂ ಅಕ್ಕ ಅಂದೇ ಕರೆಯುವುದರಿಂದ ಅವಳಿಗೆ ತನ್ನ ವಯಸ್ಸಿನ ಬಗ್ಗೆ ಆಗಾಗ ಅನುಮಾನ ಹುಟ್ಟುತ್ತಿತ್ತು. ಸಭಾಂಗಣದ ಹಿಂಗೋಡೆಗೆ ಹಕ್ಕಿಗೂಡಿನಂತೆ ಅಂಟಿಕೊಂಡ ಕೋಣೆ ಅವಳದು. ಕಿರುಗುಟ್ಟುವ ಮರದ ಮೆಟ್ಟಿಲು ಹತ್ತಿ, ತಲೆ ಬಗ್ಗಿಸಿ ಒಳಗೆ ಹೋಗಬೇಕು. ಒಂದು ಮೇಜು, ಸಾಲಾಗಿ ಮೇಲೆ ಕೆಳಗೆ ಜಾರುವ ಗುಂಡಿಗಳಿರುವ ಒಂದು ಹಲಗೆ, ಕಾಲ ಬಳಿ ಕಂಪ್ಯೂಟರಿನ ಪೆಟ್ಟಿಗೆ, ಎದುರಿಗೆ ರಂಗವಿಡೀ ಕಾಣುವ ಗಾಜು. ರಂಗದ ಮೇಲೆ ಉರಿಯುವ ಪ್ರತಿಯೊಂದು ದೀಪವೂ ಈ ಪೆಟ್ಟಿಗೆಯ ಮಾತು ಕೇಳಿಯೇ ಉರಿಯಬೇಕು, ಆರಬೇಕು. ಪೆಟ್ಟಿಗೆ ಸುಮ್ಮನಾದರೆ ಗುಂಡಿಗಳೂ ಬರೀ ಮರದ ತುಂಡುಗಳು. ಆಮೇಲೆ ಉಳಿಯುವುದು ಸಭಾಂಗಣದ ಟ್ಯೂಬ್‌ಲೈಟು. ಅದಕ್ಕೆ ಉರಿಯುವುದು, ಉರಿಯದಿರುವುದು ಎರಡೇ ಗೊತ್ತು.

ಕಂಪ್ಯೂಟರು ಯುನಿಕ್ಸ್ ಮನೆತನಕ್ಕೆ ಸೇರಿದ್ದು. ಬೇರೆ ಮನೆತನದವು ಹೊಟ್ಟೆನೋವು ಬಂದರೂ ಚಂದದ ಚಿತ್ರ ತೋರಿಸಿ ನಗುತ್ತಿರುತ್ತವೆ, ಇದು ಹಾಗಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ, ತಾನು ಎದ್ದಿದ್ದು, ಕೈಕಾಲು ಆಡಿಸಿದ್ದು, ಡಿಸ್ಕನ್ನು ಹುಡುಕಿದ್ದು, ಎಲ್ಲವನ್ನೂ ಒಂದೂ ಬಿಡದೆ ಒದರುತ್ತದೆ. ಆ ಬೆಳಿಗ್ಗೆ ಒದರಿದ್ದು ಹೀಗೆ: ಡಿಸ್ಕಿನಿಂದ ಓದಲು ಆಗುತ್ತಿಲ್ಲ. ಮತ್ತೆ ನೋಡುತ್ತೇನೆ. ಆಗುತ್ತಿಲ್ಲ. ಸಂಪರ್ಕ ಕಡಿದು ಮತ್ತೆ ಜೋಡಿಸುತ್ತೇನೆ. ವೇಗ ಇಳಿಸುತ್ತೇನೆ. ಆಗುತ್ತಿಲ್ಲ. ಎರರ್, ಎರರ್, ಎರರ್. ಕೊನೆಗೆ, ತುರ್ತು ಸ್ಥಿತಿಗೆ ಬಂದಿದ್ದೇನೆ, ಯಜಮಾನರ ಪಾಸ್‌ವರ್ಡು ಕೊಡಿ ಎಂದು ಕಣ್ಣು ಮಿಟುಕಿಸುತ್ತ ನಿಂತಿತು.

‘ಎರರ್’ ಎಂಬ ಪದ ಅಷ್ಟು ಸಲ ಕಂಡ ಮೇಲೆ ನಡುವಿನ ಉಳಿದ ಮಾತುಗಳ ಕಡೆ ಬೆಳಕಿನಕ್ಕನ ಕಣ್ಣು ಹೋಗಲಿಲ್ಲ. ಹೋಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮೆಟ್ಟಿಲು ಕಿರುಗುಟ್ಟಿತು. ಬಂದವನು ಅವಳ ಮೈದುನ. ತಂಡದ ಬಡಗಿ ಅವನೇ, ಇವತ್ತಿನ ನಾಟಕದ ರಾಜನೂ ಅವನೇ. ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ಸುತ್ತಿಗೆ.

"ಏನತ್ತಿಗೆ, ಬೆಳಿಗ್ಗೆ ಬೆಳಿಗ್ಗೆ ಮುಖ ಹುಳಿ ಮಾಡ್ಕೊಂಡು ಕೂತಿದೀರಿ?"

"ಇದು ಏಳ್ತಾ ಇಲ್ಲಪ್ಪ. ಡಿಸ್ಕ್ ಹೋಯ್ತೋ ಏನೋ."

"ಒಂದು ಕೊಡ್ಲಾ?" ಅವನು ಸುತ್ತಿಗೆ ಎತ್ತಿ ತೋರಿಸಿದ. "ನಮ್ಮನೆ ಹಳೇ ಟೀವಿ ಹಾಗೇ ಅಲ್ವಾ ದಾರಿಗೆ ಬಂದಿದ್ದು?"

"ನಿನ್ನನ್ನೂ ಅತ್ತೆ ಹಾಗೇ ದಾರಿಗೆ ತಂದಿದ್ದು. ಅದಕ್ಕೇ ಇನ್ನೂ ಒಂದೆರಡು ಸ್ಕ್ರೂ ಸಡಿಲ ಇದೆ."

ಮೈದುನ ಹಲ್ಲು ಕಿರಿದ. ಪರದೆ ನೋಡಿದ ಮೇಲೆ ಅವನ ನಗು ತಾನಾಗಿ ಇಳಿಯಿತು. "ಅಂದ್ರೆ ಅತ್ತಿಗೆ... ಅಮ್ಮನ ದೃಶ್ಯ?"

ಬೆಳಕಿನಕ್ಕನೂ ಅದನ್ನೇ ಯೋಚಿಸುತ್ತಿದ್ದಳು.

ಅವಳ ಅತ್ತೆ ತಂಡದ ವಿಗ್ ಕಟ್ಟುವವಳು. ಗಂಡುಮಕ್ಕಳು ತೊಟ್ಟಿಲಲ್ಲಿದ್ದ ಕಾಲದಿಂದಲೂ ರಂಗದ ಪಕ್ಕದ ಕತ್ತಲಲ್ಲಿ, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ರಾಜರಿಗೂ ಕಳ್ಳರಿಗೂ ಕೂದಲು ಕೂರಿಸಿ ಬೆಳಕಿಗೆ ತಳ್ಳಿದವಳು. ತಾನು ಮಾತ್ರ ಒಂದು ದಿನವೂ ಬೆಳಕಿಗೆ ಬಂದವಳಲ್ಲ. ಎಲ್ಲರ ಬಾಯಲ್ಲಿ ಅವಳು ಜಡೆಯಜ್ಜಿ. ಅವಳ ಬೆರಳಿಗೆ ಬಿಡುವು ಅನ್ನುವುದೇ ಇಲ್ಲ. ಮನಸ್ಸಿಗೆ ಕಸಿವಿಸಿಯಾದರಂತೂ ಕೈಗೆ ಸಿಕ್ಕಿದ್ದನ್ನೆಲ್ಲ ಹೆಣೆದುಬಿಡುತ್ತಾಳೆ. ಪರದೆಯ ಗೊಂಡೆ, ಯಾರದೋ ಬೂಟಿನ ದಾರ, ಊಟಕ್ಕೆ ಕೂತಾಗ ಪಕ್ಕದವಳ ಸೆರಗಿನ ಎಳೆ. ಬೆಳಕಿನಕ್ಕ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯ ಪಕ್ಕ ಕೂತು ಎದ್ದಾಗ ಶಾಲು ಕುರ್ಚಿಗೆ ಸೇರಿಕೊಂಡಿತ್ತು. ಅವತ್ತು ಇಬ್ಬರೂ ನಕ್ಕ ನಗು ಇವತ್ತಿಗೂ ಮನೆಯಲ್ಲಿ ಖರ್ಚಾಗದೆ ಉಳಿದಿದೆ.

ಈ ಸಲದ ನಾಟಕ ನಿದ್ದೆ ಬಾರದ ರಾಜನದು. ಕೊನೆಯ ದೃಶ್ಯದಲ್ಲಿ ಒಬ್ಬ ಮುದುಕಿ ಬಂದು ರಾಜನಿಗೆ ಪುಟ್ಟದೊಂದು ಕಥೆ ಹೇಳುತ್ತಾಳೆ. ಹೇಳುತ್ತಿದ್ದಂತೆ ಬೆಳಗಾಗುತ್ತದೆ, ರಾಜ ನಿದ್ದೆ ಹೋಗುತ್ತಾನೆ. ಆ ಪಾತ್ರದ ನಟಿ ಮಗಳ ಬಾಣಂತನಕ್ಕೆ ಹೋದಾಗ, ನಾಟಕ ಆಡಿಸುವ ಮೇಷ್ಟ್ರು ಸುತ್ತ ನೋಡಿ ಜಡೆಯಜ್ಜಿಯ ಕಡೆ ಬೆರಳು ಮಾಡಿದ್ದರು. "ಅಯ್ಯೋ, ಈ ವಯಸ್ಸಲ್ಲಿ ನಂಗ್ಯಾಕಪ್ಪ ಇದೆಲ್ಲ" ಎಂದು ಅತ್ತೆ ಬಾಯಲ್ಲಿ ಬೇಡ ಅಂದಳು. ಮರುದಿನವೇ ಹೊಸ ರವಿಕೆಗೆ ಅಳತೆ ಕೊಟ್ಟು ಬಂದಳು. ಅಡುಗೆಮನೆಯಲ್ಲಿ ಸೌಟು ಹಿಡಿದು, ಬಟ್ಟೆ ಒಣಹಾಕುತ್ತ, ಬಾಗಿಲ ಚಿಲಕ ಹಾಕುತ್ತ ಮಾತು ಬಾಯಿಪಾಠ ಮಾಡಿದಳು. ಬೆಳಕಿನಕ್ಕ ಆ ದೃಶ್ಯಕ್ಕೊಂದು ಸೂರ್ಯೋದಯ ಕಟ್ಟಿದ್ದಳು. ನೀಲಿ ಇಳಿಯಬೇಕು, ಇಳಿದದ್ದು ಯಾರಿಗೂ ಗೊತ್ತಾಗಬಾರದು, ಒಂದು ಎಳೆ ಗುಲಾಬಿ ಅತ್ತೆಯ ಕೆನ್ನೆಗೆ ತಾಗಬೇಕು, ಆಮೇಲೆ ಹಳದಿ. ಗಂಡನಿಗೆ ರೈಲಿನಲ್ಲಿ ಡ್ಯೂಟಿ, ಬರಲಾಗುವುದಿಲ್ಲ. "ಅಮ್ಮನ್ನ ಚೆನ್ನಾಗಿ ಕಾಣಿಸು ಕಣೇ" ಎಂದು ಹೇಳಿ ಹೋಗಿದ್ದ. ಕಾಣಿಸುವುದು ಈಗ ಈ ಪೆಟ್ಟಿಗೆಯ ಕೈಯಲ್ಲಿತ್ತು.

ಮೇಷ್ಟ್ರು ಮೇಲೆ ಬಂದರು. ಸಣ್ಣ ದೇಹ, ದೊಡ್ಡ ಮಫ್ಲರು, ಯಾವಾಗಲೂ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಏದುಸಿರು.

"ನೋಡಮ್ಮ," ಎಂದರು ಎಲ್ಲ ಕೇಳಿ, "ಮಧ್ಯಾಹ್ನ ಜನ ಬರ್ತಾರೆ. ಉಳಿದಿದ್ದನ್ನ ಟ್ಯೂಬ್‌ಲೈಟಲ್ಲಿ ಹೇಗೋ ಎಳೀಬಹುದು. ಆದ್ರೆ ಕೊನೇ ದೃಶ್ಯ? ರಾತ್ರಿನೇ ಇಲ್ದೆ ಬೆಳಗಾಗೋದು ಹೇಗೆ? ಟ್ಯೂಬ್‌ಲೈಟ್ ಕೆಳಗೆ ರಾಜ ನಿದ್ದೆ ಮಾಡಿದ್ರೆ ಜನ ಆಫೀಸು ಅಂದ್ಕೋತಾರೆ. ಊಟದ ಹೊತ್ತಿಗೆ ಇದು ಎದ್ರೆ ಸರಿ. ಇಲ್ಲಾಂದ್ರೆ ಅಜ್ಜಿ ದೃಶ್ಯ ಬಿಟ್ಟು, ರಾಜನ ಕೈಲಿ ಒಂದು ಹಾಡು ಹೇಳಿಸಿ ಮುಗಿಸಿಬಿಡ್ತೀನಿ."

"ನಾನು ಹಾಡ್ಲಾ?" ಎಂದ ರಾಜ, ಸುತ್ತಿಗೆ ಕೆಳಗಿಟ್ಟು.

"ಅತ್ತಿಗೆ ಮೈದುನ ಇಬ್ಬರೂ ಸೇರಿ ಇದನ್ನ ಎಬ್ಬಿಸೋಕೆ ಇದಕ್ಕಿಂತ ದೊಡ್ಡ ಕಾರಣ ಬೇಕೇನ್ರಪ್ಪ?" ಎಂದು ಮೇಷ್ಟ್ರು ಇಳಿದು ಹೋದರು.

ಬೆಳಕಿನಕ್ಕ ಪಾಸ್‌ವರ್ಡು ಒತ್ತಿದಳು. ಈ ತುರ್ತು ಸ್ಥಿತಿಯಲ್ಲಿ ಎಫ್‌ಎಸ್‌ಸಿಕೆ ಎಂಬ ಕಮಾಂಡು ಕೊಟ್ಟರೆ, ಅದು ಡಿಸ್ಕಿನೊಳಗೆ ಯಾವ ಕಡತ ಎಲ್ಲಿದೆ ಎಂಬ ಗೊಂದಲವನ್ನು ನೋಡಿ ರಿಪೇರಿ ಮಾಡುತ್ತದೆ. ಬೆರಳು ಅತ್ತಲೇ ಹೋಗಿತ್ತು. ಆದರೆ ಹಿಂದೆ ವಿಗ್ ಕೋಣೆಯಲ್ಲಿ ಅವಳು ಗಂಟುಗಟ್ಟಿದ ಹಳೇ ಕೂದಲಿಗೆ ನೇರವಾಗಿ ಬಾಚಣಿಗೆ ಹಾಕಿದ್ದಾಗ ಅತ್ತೆ ಕೈಮೇಲೆ ಹೊಡೆದಿದ್ದು ನೆನಪಾಯಿತು. "ಮೊದ್ಲು ಬುಡ ಹಿಡ್ಕೋ, ಆಮೇಲೆ ಬಾಚು! ಇಲ್ದಿದ್ರೆ ಗಂಟೂ ಬರುತ್ತೆ, ಕೂದಲೂ ಬರುತ್ತೆ." ಡಿಸ್ಕು ನಿಜವಾಗಿ ಸಾಯುತ್ತಿದ್ದರೆ ರಿಪೇರಿ ಎಂದು ಅದರ ಮೇಲೆ ಬರೆಯುವುದೂ ಹಾಗೇ. ಮೊದಲು ಇದ್ದದ್ದನ್ನು ಇದ್ದಂತೆಯೇ ನಕಲು ಮಾಡಿಕೊಳ್ಳಬೇಕು.

ಡ್ರಾಯರಿನಲ್ಲಿ ಒಂದು ಪೆನ್‌ಡ್ರೈವ್ ಇತ್ತು. ಡಿಸ್ಕಿನ ಹಂಗಿಲ್ಲದೆ ಕಂಪ್ಯೂಟರನ್ನು ಎಬ್ಬಿಸಬಲ್ಲದ್ದು. ಅದನ್ನು ಚುಚ್ಚಿ ಮತ್ತೆ ಶುರು ಮಾಡಿದಳು. ಕಂಪ್ಯೂಟರು ಜಾಣ ಮಗುವಿನಂತೆ ಎದ್ದು ಕೂತಿತು. ಹೊರಗಿನ ಇನ್ನೊಂದು ಡಿಸ್ಕು ಸೇರಿಸಿ, ನಕಲು ಮಾಡು ಎಂದಳು. ಸ್ವಲ್ಪ ದೂರ ಓಡಿತು. ನಿಂತಿತು. ತೆವಳಿತು. ಮತ್ತೆ ನಿಂತು, ‘ಎರರ್’ ಎಂದು ಕೈಚೆಲ್ಲಿತು. ಮತ್ತೊಮ್ಮೆ ಶುರು ಮಾಡಿದರೆ ಮೊದಲು ನಿಂತ ಕಡೆ ಸಲೀಸಾಗಿ ದಾಟಿ, ಬೇರೆಲ್ಲೋ ಎಡವಿತು.

"ಓದಿದ್ರೆ ನಕಲು, ನಕಲಾದ್ರೆ ರಿಪೇರಿ, ರಿಪೇರಿಯಾದ್ರೆ ಓದು," ಎಂದ ಮೈದುನ. "ಹುಚ್ಚು ಬಿಡೋವರೆಗೆ ಮದುವೆ ಆಗಲ್ಲ, ಮದುವೆ ಆಗೋವರೆಗೆ ಹುಚ್ಚು ಬಿಡಲ್ಲ."

"ನಿಂದು ಎರಡೂ ಆಗಿಲ್ಲ, ಹೋಗು. ಕೆಳಗೆ ಅರಮನೆ ಕಿಟಕಿ ನಿಲ್ಲಿಸೋದು ಬಾಕಿ ಇದೆಯಲ್ಲ."

ಅವನು ಹೋದ ಮೇಲೆ ಗಾಜಿನಾಚೆ ನೋಡಿದಳು. ರಂಗದ ಅಂಚಿನಲ್ಲಿ ಅತ್ತೆ ಒಬ್ಬಳೇ ನಿಂತಿದ್ದಳು. ಸುದ್ದಿ ಮುಟ್ಟಿತ್ತು. ಹೊಸ ರವಿಕೆಯ ಮೇಲೆ ಹಳೇ ಸ್ವೆಟರು ಹಾಕಿ ಗುಂಡಿ ಬಿಗಿದುಕೊಂಡಿದ್ದಳು. ಸೊಸೆ ನೋಡಿದ್ದು ಕಂಡು ಕೈಬೀಸಿ, ಸಭಾಂಗಣವೆಲ್ಲ ಕೇಳುವಂತೆ ಕೂಗಿದಳು: "ತಲೆಗೆ ಹಚ್ಕೋಬೇಡ ಕಣೇ! ಒಳ್ಳೇದೇ ಆಯ್ತು! ನಂಗೂ ಯಾಕೋ ಗಂಟಲು ಸರಿ ಇಲ್ಲ!"

ಆ ಗಂಟಲು ಸಭಾಂಗಣದ ಕೊನೆಯ ಕುರ್ಚಿಯವರೆಗೂ ಬಂದು ವಾಪಸ್ಸು ಹೋಯಿತು. ಬೆಳಕಿನಕ್ಕನಿಗೆ ನಗುವೂ ಬಂತು, ಕಣ್ಣೂ ಮಂಜಾಯಿತು. ಸೋತವರು ಅಳುತ್ತಾರೆ, ಅತ್ತೆಯಂಥವರು ಬೇರೆಯವರಿಗೆ ಸಮಾಧಾನ ಹೇಳುತ್ತಾರೆ. ಅದನ್ನು ನೋಡುವುದು ಇನ್ನೂ ಕಷ್ಟ.

ಕುರ್ಚಿ ಎಳೆದುಕೊಂಡು ಕೂತಳು. ಒಂದು ವಿಷಯ ಅವಳನ್ನು ಕೆರೆಯುತ್ತಿತ್ತು. ಕೆಟ್ಟ ಡಿಸ್ಕು ಕೆಟ್ಟ ಜಾಗದಲ್ಲಿ ಕೆಡಬೇಕು. ಹರಿದ ಚೀಲ ಹರಿದ ಕಡೆಯೇ ಸೋರುತ್ತದಲ್ಲವೇ? ಇದು ಒಂದು ಸಲ ಇಲ್ಲಿ, ಒಂದು ಸಲ ಅಲ್ಲಿ. ಮುಗ್ಗರಿಸಿದಲ್ಲೇ ಮತ್ತೆ ಮುಗ್ಗರಿಸುತ್ತಿಲ್ಲ. ಹಾಗಿದ್ದರೆ ಡಿಸ್ಕನ್ನೇ ಕೇಳಿಬಿಡೋಣ ಎನ್ನಿಸಿತು. ಪ್ರತಿಯೊಂದು ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ, ಕೇಳಿದರೆ ಹೇಳುತ್ತದೆ. ಗಾಬರಿಯಲ್ಲಿ ಅವಳು ಎಲ್ಲ ಮಾಡಿದ್ದಳು, ರೋಗಿಯ ಹತ್ತಿರ ಏನಾಗುತ್ತಿದೆಯಪ್ಪ ಎಂದು ಕೇಳುವುದೊಂದನ್ನು ಬಿಟ್ಟು.

ಕೇಳಿದಳು. ವರದಿ ಬಂತು. ಸತ್ತುಹೋದ ಜಾಗಗಳು: ಒಂದೂ ಇಲ್ಲ. ಸಾಯುವಂತಿರುವ ಜಾಗಗಳು: ಒಂದೂ ಇಲ್ಲ. ತಿರುಗುವುದು ಸರಿ, ಬಿಸಿ ಸರಿ. ಕಲ್ಲುಗುಂಡಿನಂಥ ಡಿಸ್ಕು. ಒಂದೇ ಒಂದು ಅಂಕಿ ಮಾತ್ರ ಏರಿ ಕೂತಿತ್ತು: ಡಿಸ್ಕಿನಿಂದ ಹೊರಟ ಮಾತು ಕಂಪ್ಯೂಟರಿಗೆ ಮುಟ್ಟುವಷ್ಟರಲ್ಲಿ ಕೆಟ್ಟುಹೋದದ್ದರ ಲೆಕ್ಕ. ಇನ್ನಷ್ಟು ನಕಲು ಮಾಡಿಸಿ ಮತ್ತೆ ಕೇಳಿದಳು. ಆ ಅಂಕಿ ಇನ್ನೂ ಏರಿತ್ತು.

"ಹೇಳೋನು ಸರಿಯಾಗೇ ಹೇಳ್ತಿದಾನೆ," ಎಂದುಕೊಂಡಳು ಗಟ್ಟಿಯಾಗಿ. "ಕೇಳೋನು ಸರಿಯಾಗೇ ಕೇಳ್ತಿದಾನೆ. ಮಧ್ಯದ ದಾರಿ ಹಾಳಾಗಿದೆ!"

ಈಗ ಬೆಳಗಿನ ಆ ಸಾಲುಗಳೂ ಒಂದೊಂದಾಗಿ ನೆನಪಿಗೆ ಬಂದವು. ಸಂಪರ್ಕ ಕಡಿದು ಜೋಡಿಸುತ್ತೇನೆ. ವೇಗ ಇಳಿಸುತ್ತೇನೆ. ಪಾಪದ ಯಂತ್ರ ಮೊದಲಿನಿಂದಲೂ ದಾರಿಯ ಬಗ್ಗೆಯೇ ದೂರುತ್ತಿತ್ತು. ಕರೆಂಟು ಆರಿಸಿ, ಮಂಡಿಯೂರಿ, ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದಳು.

ಮೊದಲು ಅವಳಿಗೆ ತಾನು ನೋಡುತ್ತಿರುವುದು ಏನೆಂದೇ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಡಿಸ್ಕಿನ ಕೇಬಲ್ಲು, ಅದರ ಪಕ್ಕದ ಕರೆಂಟಿನ ವೈರು, ಡಿವಿಡಿ ಡ್ರೈವಿನ ಕಡೆ ಹೋಗುವ ಇನ್ನೊಂದು ಕರೆಂಟಿನ ವೈರು, ಮೂರೂ ಸೇರಿ ಅಚ್ಚುಕಟ್ಟಾದ ಒಂದು ಜಡೆಯಾಗಿದ್ದವು. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಮ್ಮಿಯಿಲ್ಲ. ಬಿಗಿಯೆಂದರೆ ಮದುವಣಗಿತ್ತಿಯ ಜಡೆ. ತುದಿ ಬಿಚ್ಚಿಕೊಳ್ಳದಂತೆ ಕೆಂಪು ದಾರದ ಪುಟ್ಟ ಗಂಟು ಬೇರೆ.

ನೆಲದ ಮೇಲೆ ಕೂತು ಅವಳು ನಕ್ಕಳು. ಬಾಯಿಗೆ ಸೆರಗು ತುಂಬಿಕೊಂಡು, ಮೇಜಿನ ಕಾಲು ಹಿಡಿದುಕೊಂಡು ನಕ್ಕಳು. ಹಿಂದಿನ ಸಂಜೆ ಧೂಳು ಹೊಡೆಯಲೆಂದು ಪೆಟ್ಟಿಗೆ ಬಿಚ್ಚಿ, ಮೇಷ್ಟ್ರು ಕರೆದರೆಂದು ಹಾಗೇ ಬಿಟ್ಟು ಇಳಿದಿದ್ದಳು. ಅತ್ತೆ ಇಲ್ಲೇ ಸ್ಟೂಲಿನ ಮೇಲೆ ಕೂತು ಮಾತು ಬಾಯಿಪಾಠ ಮಾಡುತ್ತಿದ್ದಳು. ತಿರುಗಿ ಬಂದಾಗ ತಗಡು ಮುಚ್ಚಿತ್ತು. ತಾನೇ ಮುಚ್ಚಿದ್ದೆ ಎಂದುಕೊಂಡಿದ್ದಳು. ಆಮೇಲೆ ಸೂರ್ಯೋದಯವನ್ನು ಇನ್ನಷ್ಟು ತಿದ್ದಿ ಉಳಿಸುವಾಗ ಕಂಪ್ಯೂಟರು ಗರಬಡಿದಂತೆ ನಿಂತಿತ್ತು. ದಣಿದಿದೆ ಪಾಪ ಎಂದು ಗುಂಡಿ ಒತ್ತಿ ಆರಿಸಿ ಮನೆಗೆ ಹೋಗಿದ್ದಳು.

ಚಹಾದ ಲೋಟ ಹಿಡಿದು ಮೈದುನ ಮತ್ತೆ ಮೇಲೆ ಬಂದ. ಬಗ್ಗಿ ನೋಡಿದ. ಲೋಟ ಕೆಳಗಿಟ್ಟ.

"ಅಮ್ಮಂದು! ಇದು ಅಮ್ಮಂದೇ ಕೈಕೆಲಸ!"

"ಶ್! ಬಾಯಿ ಮುಚ್ಚು."

"ಅಲ್ಲ ಅತ್ತಿಗೆ, ಒಂದು ಹೂವು ಮುಡಿಸಿಲ್ಲ ನೋಡಿ, ಅದೊಂದೇ ಕಮ್ಮಿ—"

"ಇದು ಅತ್ತೆ ಕಿವಿಗೆ ಬಿತ್ತು ಅಂದ್ರೆ, ನನ್ನಿಂದ ಹೀಗಾಯ್ತು ಅಂತ ರಂಗಕ್ಕೆ ಕಾಲೇ ಇಡಲ್ಲ. ಅವರ ಸ್ವಭಾವ ನಿಂಗೆ ಗೊತ್ತಿಲ್ವಾ? ನಾಟಕ ಮುಗಿಯೋ ತನಕ ನಿನ್ನ ಬಾಯಿಗೆ ಮೊಳೆ ಹೊಡ್ಕೋ. ಸುತ್ತಿಗೆ ಇದೆಯಲ್ಲ."

ಜಡೆ ಬಿಚ್ಚುವುದು ಕಟ್ಟಿದಷ್ಟು ಸುಲಭವಿರಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದಂತೆ, ಒಂದೊಂದೇ ಎಳೆ ಬಿಡಿಸಿದಳು. ಕರೆಂಟಿನ ವೈರುಗಳಿಗೆ ಏನೂ ಆಗಿರಲಿಲ್ಲ. ಆದರೆ ಡಿಸ್ಕಿನ ಚಪ್ಪಟೆ ಕೇಬಲ್ಲು ಒಂದು ಕಡೆ ಕಾಗದ ಮಡಿಸಿದಂತೆ ಮುರಿದುಕೊಂಡಿತ್ತು. ಅದನ್ನು ತೆಗೆದು, ಯಾರೂ ಬಳಸದ ಡಿವಿಡಿ ಡ್ರೈವಿನ ಕೇಬಲ್ಲನ್ನು ಕಿತ್ತು ಡಿಸ್ಕಿಗೆ ಹಾಕಿದಳು. ಪೆನ್‌ಡ್ರೈವಿನಿಂದ ಎಬ್ಬಿಸಿ ನಕಲು ಶುರು ಮಾಡಿದರೆ, ಈ ಸಲ ಇಳಿಜಾರಿನಲ್ಲಿ ಸೈಕಲ್ಲು ಬಿಟ್ಟಂತೆ ಓಡಿತು. ಒಂದು ಕಡೆಯೂ ಎಡವಲಿಲ್ಲ. ಬುಡ ಕೈಗೆ ಸಿಕ್ಕಿತ್ತು. ಈಗ ಬಾಚಬಹುದು.

ಎಫ್‌ಎಸ್‌ಸಿಕೆ ಎಂದು ಒತ್ತಿದಳು. ಅದು ಕೇಳತೊಡಗಿತು: ಇಲ್ಲೊಂದು ಲೆಕ್ಕ ತಪ್ಪಿದೆ, ಸರಿಪಡಿಸಲೇ? ಹೂಂ. ಈ ಕಡತಕ್ಕೆ ಹೆಸರಿದೆ, ಒಳಗೇನೂ ಇಲ್ಲ, ತೆಗೆಯಲೇ? ಹೂಂ. ಮೈದುನ ಪ್ರತಿ ಪ್ರಶ್ನೆಗೂ ಅವಳಿಗಿಂತ ಮೊದಲೇ "ಹೂಂ ಅನ್ನಿ, ಹೂಂ ಅನ್ನಿ" ಎನ್ನುತ್ತಿದ್ದ. ಕೊನೆಗೆ ಡಿಸ್ಕು ಶುಚಿ ಎಂಬ ಸಾಲು ಬಂತು. ಪೆನ್‌ಡ್ರೈವ್ ಕಿತ್ತು, ಉಸಿರು ಹಿಡಿದು ಗುಂಡಿ ಒತ್ತಿದಳು.

ಬಿಳಿ ಅಕ್ಷರಗಳು ಸರಸರನೆ ಹರಿದವು. ಡಿಸ್ಕು ಸಿಕ್ಕಿತು, ಓದಿದೆ, ಮುಂದೆ. ಎಲ್ಲೂ ನಿಲ್ಲಲಿಲ್ಲ. ದೀಪದ ಪ್ರೋಗ್ರಾಂ ತೆರೆದುಕೊಂಡಿತು. ಅವಳು ಒಂದು ಗುಂಡಿಯನ್ನು ಮೇಲಕ್ಕೆ ಜಾರಿಸಿದಳು. ಕೆಳಗೆ ರಂಗದ ಮೇಲೆ, ಕುರ್ಚಿ ಒರೆಸುತ್ತಿದ್ದ ಅತ್ತೆಯ ಸುತ್ತ ನೀಲಿ ಬೆಳಕು ಬಿತ್ತು.

ಅತ್ತೆ ತಲೆ ಎತ್ತಿದಳು. ಬಟ್ಟೆಯ ತುಂಡು ಕೈಯಲ್ಲೇ ಇತ್ತು. ಯಾರೂ ನೋಡುತ್ತಿಲ್ಲವೆಂದು ತಿಳಿದು ಸ್ವೆಟರಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು.

ಸಂತೋಷದಲ್ಲಿ ಒಂದು ಚೂರು ಕಮ್ಮಿ ಇತ್ತು. ಎಲ್ಲ ದೃಶ್ಯಗಳ ದೀಪಗಳೂ ಹಾಗೇ ಉಳಿದಿದ್ದವು. ಹೆಸರು ಮಾತ್ರ ಉಳಿದು ಒಳಗೆ ಬರಿದಾದ ಆ ಕಡತವೇ ಸೂರ್ಯೋದಯದ್ದು. ಉಳಿಸುವ ಹೊತ್ತಿನಲ್ಲೇ ಕೇಬಲ್ಲು ಕೈಕೊಟ್ಟಿತ್ತಲ್ಲ. ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು ಮಫ್ಲರು ಬಿಚ್ಚಿ ಮತ್ತೆ ಸುತ್ತಿಕೊಂಡರು.

"ಮತ್ತೆ ಮೊದ್ಲಿಂದ ಕಟ್ಟೋಕೆ ಹೊತ್ತಿದೆಯೇನಮ್ಮ?"

"ಇಲ್ಲ ಮೇಷ್ಟ್ರೇ. ಕೈಯಲ್ಲೇ ಮಾಡ್ತೀನಿ."

"ಕೈಯಲ್ಲಿ ಸೂರ್ಯನ್ನ?"

"ಹೇಗೂ ಗುಂಡಿ ಇದಾವಲ್ಲ. ನಿಧಾನಕ್ಕೆ ತಳ್ಕೊಂಡು ಹೋಗ್ತೀನಿ. ದೃಶ್ಯ ಮಾತ್ರ ಬಿಡಬೇಡಿ."

ಮೇಷ್ಟ್ರು ಅವಳ ಮುಖ ನೋಡಿದರು, ಕೆಳಗೆ ರವಿಕೆ ಸರಿಮಾಡಿಕೊಳ್ಳುತ್ತಿದ್ದ ಜಡೆಯಜ್ಜಿಯನ್ನು ನೋಡಿದರು. "ಬಿಟ್ರೆ ಈ ಮನೆಯವರು ನನ್ನ ಬಿಡ್ತೀರಾ?" ಎಂದರು.

ಊಟದ ಹೊತ್ತಿನಲ್ಲಿ ಎಲ್ಲರೂ ಬ್ರೆಡ್ಡು ಕಡಿಯುತ್ತ ರಂಗದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾಗ ಅತ್ತೆ ಕೇಳಿದಳು: "ಏನಾಗಿತ್ತೇ ಅದಕ್ಕೆ?"

"ಒಳಗೆ ದಾರಿ ಸ್ವಲ್ಪ ಇಕ್ಕಟ್ಟಾಗಿತ್ತು ಅತ್ತೆ. ಬಿಡಿಸಿದೆ."

"ಅದನ್ನೇ ನಾನೂ ಅಂದ್ಕೊಂಡೆ," ಎಂದಳು ಅತ್ತೆ ಗಂಭೀರವಾಗಿ. "ನಿನ್ನೆ ನೋಡಿದ್ರೆ ಒಳಗೆಲ್ಲ ವೈರು ಕೆದರ್ಕೊಂಡು ಬಿದ್ದಿತ್ತು, ಹಾಸಿಗೆಯಿಂದ ಎದ್ದು ಬಂದೋರ ತಲೆ ಹಾಗೆ. ನಾನೇ ಒಂಚೂರು ಸರಿ ಮಾಡಿ ಮುಚ್ಚಿಟ್ಟೆ. ಅದಕ್ಕೇ ಇಷ್ಟು ಬೇಗ ರಿಪೇರಿ ಆಗಿದ್ದು. ಇಲ್ದಿದ್ರೆ ನಿಂಗೆ ಇವತ್ತೆಲ್ಲ ಅದೇ ಆಗ್ತಿತ್ತು."

ರಾಜನ ಬಾಯಲ್ಲಿದ್ದ ಬ್ರೆಡ್ಡು ಮೂಗಿಗೆ ಹತ್ತಿತು. ಅವನು ಕೆಮ್ಮುತ್ತ ಪರದೆಯ ಹಿಂದೆ ಓಡಿದ.

"ಹೌದತ್ತೆ," ಎಂದಳು ಸೊಸೆ, ಕೆನ್ನೆಯ ಒಳಭಾಗ ಕಚ್ಚಿಕೊಂಡು. "ನಿಮ್ಮ ಕೈ ಬಿದ್ದಿದ್ದಕ್ಕೇ."

"ಸಣ್ಣ ಸಣ್ಣ ಕೆಲಸ ಯಾರ ಕಣ್ಣಿಗೂ ಕಾಣಲ್ಲ ಬಿಡು," ಎಂದು ಅತ್ತೆ ದೊಡ್ಡ ಮನಸ್ಸಿನಿಂದ ಕ್ಷಮಿಸಿದಳು.

ಮಧ್ಯಾಹ್ನ ಸಭಾಂಗಣ ತುಂಬಿತು. ನಾಟಕ ಸಲೀಸಾಗಿ ಸಾಗಿತು. ರಾಜ ನಿದ್ದೆ ಬರದೆ ಹೊರಳಾಡಿದ, ವೈದ್ಯರು ಬಂದು ಹೋದರು, ಮಂತ್ರಿ ಲಾಲಿ ಹಾಡಿದ. ಕಂಪ್ಯೂಟರು ಮಿಸುಕದೆ ಒಂದೊಂದೇ ದೃಶ್ಯಕ್ಕೆ ದೀಪ ಬದಲಿಸಿತು. ಕೊನೆಯ ದೃಶ್ಯ ಬಂತು. ರಂಗ ನೀಲಿಯಾಯಿತು. ಮೇಷ್ಟ್ರು ಮೇಲೆ ಬಂದು ಬೆಳಕಿನಕ್ಕನ ಬೆನ್ನ ಹಿಂದೆ ನಿಂತರು. ಅವಳು ಎರಡೂ ಕೈಗಳನ್ನು ಗುಂಡಿಗಳ ಮೇಲೆ ಇಟ್ಟಳು.

ಅತ್ತೆ ನಡೆದು ಬಂದಳು. ಒಂದು ಸಲ ಜನರ ಕಡೆ ನೋಡಿದಳು. ರಾಜನ ತಲೆಯ ಬಳಿ ಕೂತಳು. "ಕೇಳು ಮಗು," ಎಂದಳು. ಗಂಟಲು ಕೊನೆಯ ಕುರ್ಚಿಗೆ ಮುಟ್ಟಿತು. "ಒಂದು ನದಿಗೆ ನಿದ್ದೆ ಬರ್ತಿರಲಿಲ್ಲವಂತೆ..."

ಬೆಳಕಿನಕ್ಕ ನೀಲಿಯನ್ನು ಕೂದಲೆಳೆಯಷ್ಟು ಇಳಿಸಿ, ಗುಲಾಬಿಯನ್ನು ಅಷ್ಟೇ ಏರಿಸಿದಳು. ಅತ್ತೆಯ ಮಾತು ಮುಗಿಯುವ ತನಕ ಪೂರ್ತಿ ಬೆಳಕು ಬರಬಾರದು. ಆತುರಪಟ್ಟರೆ ಅತ್ತೆಯ ಮೊದಲ ದಿನವೇ ಹಾಳು. ನಿಧಾನ, ನಿಧಾನ. ಕೆಳಗೆ ಅತ್ತೆ ನದಿ ಮಲಗಿದ ಕಥೆಯನ್ನು ಒಂದಕ್ಷರ ತಪ್ಪದೆ ಹೇಳಿ ಮುಗಿಸಿದಳು. ಮುಗಿಸಿ ಪಕ್ಕಕ್ಕೆ ನೋಡಿದರೆ ಇನ್ನೂ ಅರ್ಧವೇ ಬೆಳಗಾಗಿದೆ. ಸೂರ್ಯ ಬಾರದೆ ಏಳುವಂತಿಲ್ಲ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಸುಮ್ಮನೆ ಕೂರುವುದು ಹೇಗೆ? ಆದ್ದರಿಂದ ಅವಳು ಮುಂದುವರಿಸಿದಳು.

"ಆ ನದಿ ಮಲಗಿತಾ, ಅದರ ಪಕ್ಕದಲ್ಲಿ ಒಬ್ಬ ಬೊಕ್ಕತಲೆ ಮೊಸಳೆ ಇದ್ದನಂತೆ..."

ಮೇಷ್ಟ್ರು ಗಾಜಿಗೆ ಮೂಗು ಒತ್ತಿದರು. "ಮೊಸಳೆ? ಎಲ್ಲಿ ಬಂತಮ್ಮ ಮೊಸಳೆ?"

ಮಾತು ಇನ್ನೂ ಇದೆ ಎಂದು ಬೆಳಕಿನಕ್ಕ ಕೈ ತಡೆದಳು. ಬೆಳಕು ನಿಂತಿತೆಂದು ಅತ್ತೆ ಕಥೆ ಬೆಳೆಸಿದಳು. ಮೊಸಳೆ ಕೂದಲು ಕೇಳಲು ಕರಡಿಯ ಮನೆಗೆ ಹೋದ. ಕರಡಿ, ಕೊಡ್ತೀನಿ, ಆದ್ರೆ ತಿಂಗಳಿಗೊಂದ್ಸಲ ಬಾಚಿಸ್ಕೊಳ್ಳೋಕೆ ಬರಬೇಕು ಎಂದಿತು. ಮುಂದಿನ ಸಾಲಿನಲ್ಲಿ ಒಬ್ಬ ದಪ್ಪ ಹೆಂಗಸು ಕಿಸಕ್ಕೆಂದು ನಕ್ಕಳು. ನಗು ಹಿಂದಿನ ಸಾಲಿಗೆ ಹತ್ತಿತು, ಅಲ್ಲಿಂದ ಗೋಡೆಗೆ. ಅತ್ತೆಗೆ ಹುರುಪು ಬಂತು; ಮೊಸಳೆಯ ಧ್ವನಿ ಬೇರೆ, ಕರಡಿಯ ಧ್ವನಿ ಬೇರೆ ಮಾಡತೊಡಗಿದಳು.

"ಯಾರಾದ್ರೂ ಒಬ್ಬರು ಮುಗಿಸ್ರಮ್ಮ!" ಎಂದು ಮೇಷ್ಟ್ರು ಗೋಗರೆದರು.

ಆಗ ಬೆಳಕಿನಕ್ಕನಿಗೆ ಹೊಳೆಯಿತು: ತಾನು ಅತ್ತೆಗಾಗಿ ಕಾಯುತ್ತಿದ್ದೇನೆ, ಅತ್ತೆ ತನಗಾಗಿ. ಗುಂಡಿ ಮೇಲಕ್ಕೆ ತಳ್ಳಿದರೆ ಮುಗಿಯಿತು. ಆದರೆ ಆ ಎಳೆ ಗುಲಾಬಿ ಬೆಳಕಿನಲ್ಲಿ, ಕೈಯೆತ್ತಿ ಕರಡಿಯಾಗಿದ್ದ ಅತ್ತೆಯ ಮುಖ ನೋಡಿದರೆ ಕೈ ಏಳಲೇ ಇಲ್ಲ. ಇಷ್ಟು ವರ್ಷ ಎಲ್ಲಿಟ್ಟಿದ್ದಳೋ ಈ ಮುಖವನ್ನು.

ಕಥೆ ಮುಗಿಯಿತು. ಮೊಸಳೆಗೆ ಕೂದಲು ಬಂತು, ಆದರೆ ನೀರಲ್ಲಿ ಒದ್ದೆಯಾಗಿ ಶೀತವಾಯಿತು. ಸಭಾಂಗಣ ನಕ್ಕು ಚಪ್ಪಾಳೆ ತಟ್ಟಿತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು, ಜನರ ತಲೆಯ ಮೇಲಿಂದ ನೇರವಾಗಿ ಗಾಜಿನ ಕಡೆ ನೋಡಿದಳು.

"ಏನಮ್ಮ ಸೂರ್ಯ?" ಎಂದಳು. "ಬರ್ತೀಯೋ, ಇಲ್ಲಾ ಇನ್ನೊಂದು ಕಥೆ ಹೇಳ್ಲೋ?"

"ಇನ್ನೊಂದು! ಇನ್ನೊಂದು!" ಎಂದಿತು ಸಭಾಂಗಣ.

ಮಲಗಿದ್ದ ರಾಜ ಒಂದು ಕಣ್ಣು ತೆರೆದ. "ಅಮ್ಮಾ, ನಂಗೆ ನಿದ್ದೆ ಬಂದಾಯ್ತು."

"ನಿಂಗ್ಯಾರು ಹೇಳ್ತಿದಾರೆ? ಸುಮ್ನೆ ಮಲಕ್ಕೋ."

ಬೆಳಕಿನಕ್ಕ ಮೇಷ್ಟ್ರ ಕಡೆ ತಿರುಗಿದಳು. ಮೇಷ್ಟ್ರು ಮಫ್ಲರಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಕ್ಕದ್ದಕ್ಕೋ ಮತ್ಯಾವುದಕ್ಕೋ ತಿಳಿಯಲಿಲ್ಲ. ಹೋಗಲಿ ಎಂಬಂತೆ ಕೈ ಬೀಸಿದರು.

ಅವಳು ಗುಲಾಬಿಯನ್ನು ಮೆಲ್ಲಗೆ ಕೆಳಕ್ಕೆಳೆದು, ನೀಲಿಯನ್ನು ಮೇಲಕ್ಕೆ ತಳ್ಳಿದಳು. ಅರ್ಧ ಬೆಳಗಾಗಿದ್ದ ರಂಗಕ್ಕೆ ಮತ್ತೆ ರಾತ್ರಿಯಾಯಿತು. ಜನ ಹೋ ಎಂದರು. ಅತ್ತೆ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆಳೆದು, ಕಾಲ ಮೇಲೆ ಕಾಲು ಹಾಕಿ, ಗಂಟಲು ಸರಿಮಾಡಿಕೊಂಡಳು.